ಮುತ್ತಾತನ ಹೆಸರು

ಮೂವತ್ತನಾಲ್ಕು ವರ್ಷ ಮುತ್ತಾತನ ಹೆಸರು ಗೊತ್ತಿಲ್ಲದೆಯೇ ಚೆಲುವರಾಜು ಉಂಡಿದ್ದ, ಉತ್ತಿದ್ದ, ಹೊಗೆಸೊಪ್ಪು ಬೆಳೆದು ಮಾರಿದ್ದ. ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ಆ ಭಾನುವಾರ ಬೆಳಿಗ್ಗೆ, ರೂಪಶ್ರೀ ಫೋನು ಮಾಡಿ, "ರೀ, ನಿಮ್ಮ ಮುತ್ತಾತನ ಹೆಸರೇನು?" ಎಂದು ಕೇಳಿದಾಗ.

ರೂಪಶ್ರೀ ಎಂದರೆ ಮುಂದಿನ ತಿಂಗಳು ಅವನ ಕೈ ಹಿಡಿಯಬೇಕಾಗಿದ್ದ ಹುಡುಗಿ. ಎಚ್.ಡಿ. ಕೋಟೆಯ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಹನಗೋಡಿನ ಪಕ್ಕದ ಈ ರೈತನಿಗೆ ಹೆಣ್ಣು ಹುಡುಕಲು ಅವನವ್ವ ತುಳಿಯದ ಹೊಸ್ತಿಲಿರಲಿಲ್ಲ. ಎಲ್ಲ ಕಡೆಯೂ, ಜಮೀನು ಇದೆಯೇ ಎಂದು ಕೇಳುವರು; ಇದೆ ಎಂದರೆ, ಉಳುವವರು ಯಾರು ಎಂದು ಕೇಳುವರು; ನಮ್ಮ ಹುಡುಗನೇ ಎಂದರೆ ಕಾಫಿ ಲೋಟ ಕೆಳಗಿಡುವರು. ಅಂಥದರಲ್ಲಿ ರೂಪಶ್ರೀ ನಕ್ಕು ಒಪ್ಪಿದ್ದಳು. ಅಂದಿನಿಂದ ಚೆಲುವರಾಜು ನೆಲದ ಮೇಲೆ ನಡೆದದ್ದು ಕಡಿಮೆ.

"ಯಾಕೆ, ಮುತ್ತಾತನ್ನೂ ಮದ್ವೆಗೆ ಕರೀಬೇಕಾ?" ಎಂದ ಅವನು.

"ತಮಾಷೆ ಅಲ್ಲ ರೀ. ಛತ್ರದ ಬಾಗಿಲಲ್ಲಿ ಎರಡೂ ಮನೆ ವಂಶವೃಕ್ಷದ ಫ್ಲೆಕ್ಸ್ ಹಾಕ್ಸೋಣ ಅಂತಿದ್ದೀನಿ. ನಮ್ಮ ಕಡೆ ಮರ ಸೊಂಪಾಗಿದೆ. ನಿಮ್ಮದು ತಾತಂಗೇ ನಿಂತೋಗಿ ಕರಿಬೇವಿನ ಗಿಡದ ಥರ ಕಾಣ್ತದೆ. ಒಂದು ವಿಡಿಯೋ ಕಳಿಸಿದ್ದೀನಿ, ನೋಡ್ಕೊಂಡು ಹುಡುಕಿ."

ವಿಡಿಯೋದಲ್ಲಿ ಕನ್ನಡಕದವರೊಬ್ಬರು ಮಗುವಿಗೆ ಊಟ ಮಾಡಿಸುವಷ್ಟು ನಿಧಾನವಾಗಿ ಹೇಳುತ್ತಿದ್ದರು. ಮನೆತನದ ಚರಿತ್ರೆ ಹುಡುಕುವವರಿಗೆ ಮೂರು ಸಲಹೆಗಳು. ಮೊದಲನೆಯದು, ಮನೆಯ ಹಿರಿಯರನ್ನು ಕೇಳಿ.

ತಾತ, ಅಪ್ಪ ಇಬ್ಬರೂ ತೀರಿಕೊಂಡಿದ್ದರು. ಚೆಲುವರಾಜು ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದ.

"ನಾನು ಈ ಮನೆಗೆ ಬಂದೋಳು ಕಣ್ಲಾ. ನಿಮ್ಮ ತಾತನ್ನೇ ತಲೆ ಎತ್ತಿ ನೋಡ್ನಿಲ್ಲ, ಅವರಪ್ಪನ ಹೆಸರು ಎಲ್ಲಿ ಕೇಳಾನ? ನಿಮ್ಮ ಮಂಗಳತ್ತೇನ ಕೇಳು."

ಕೆ.ಆರ್. ನಗರದ ಮಂಗಳಮ್ಮ ಅವನ ಅಪ್ಪನ ಅಕ್ಕ. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಆಕೆ ಮನೆಯಲ್ಲಿ ಸಿಕ್ಕಿದ್ದೇ ಅಪರೂಪ. ಅಂದು ಧರ್ಮಸ್ಥಳದ ಬಸ್ಸಿನಲ್ಲಿದ್ದರು. ಚಾರ್ಜು ಉಳಿಯಲಿ ಎಂದು ಫೋನು ಆಫ್ ಮಾಡಿ ಚೀಲದ ತಳದಲ್ಲಿಟ್ಟಿದ್ದರು.

ಎರಡನೆಯ ಸಲಹೆ, ಹಳೆಯ ಫೋಟೊಗಳನ್ನು ನೋಡಿ. ಚೆಲುವರಾಜು ಅಟ್ಟ ಹತ್ತಿ ಟ್ರಂಕು ಇಳಿಸಿದ. ಅವ್ವನ ಧಾರೆ ಸೀರೆಯ ಕೆಳಗೆ ಒಂದು ಕಪ್ಪುಬಿಳುಪು ಫೋಟೊ ಸಿಕ್ಕಿತು. ಒಂದು ಗುಡಿ, ಗುಡಿಯ ಮುಂದೆ ಗಾರೆಯ ಕುದುರೆ, ಕುದುರೆಯ ಮುಂದೆ ತಾತ, ತಾತನ ತೊಡೆಯ ಮೇಲೆ ತಲೆ ಬೋಳಿಸಿಕೊಂಡು ಬಾಯಿ ಅಗಲಿಸಿ ಅಳುತ್ತಿರುವ, ಆಗಿನ್ನೂ ಕೂಸಾಗಿದ್ದ ಅಪ್ಪ. ಚೆಲುವರಾಜುವಿನ ಸಂತೋಷ ಉಕ್ಕಿದ ಹಾಲಿನಂತೆ ಒಲೆಯನ್ನೆಲ್ಲ ಒದ್ದೆ ಮಾಡಿತು. ಮೂರನೆಯ ಸಲಹೆ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ವಿಡಿಯೋ ನಿಲ್ಲಿಸಿ ಫೋಟೊವನ್ನು ರೂಪಶ್ರೀಗೆ ಕಳಿಸಿಯೇಬಿಟ್ಟ.

ಸ್ವಲ್ಪ ಹೊತ್ತಿಗೆ ಫೋನು ಬಂತು. ರೂಪಶ್ರೀಯಲ್ಲ, ಅವಳ ದೊಡ್ಡಪ್ಪ ನಂಜುಂಡಸ್ವಾಮಿ. ಆ ಮನೆಯಲ್ಲಿ ಅವರ ಮಾತೇ ಮಾತು.

"ರಾಜು, ಆ ಕುದುರೆಗೆ ಒಂದು ಕಿವಿ ಇಲ್ಲ. ನೋಡ್ದೇನಪ್ಪಾ?"

"ಕುದುರೆ ಕಿವಿ ಯಾಕೆ ಸಾ ಈಗ?"

"ಅದು ನಮ್ಮ ಕೋಡಿಮಾರಮ್ಮನ ಗುಡಿ. ನಮ್ಮ ಮನೆದೇವರು. ನಿಮ್ಮಪ್ಪಂಗೆ ಅಲ್ಲಿ ಮುಡಿ ತೆಗೆಸವ್ರೆ ಅಂದ್ರೆ ನೀವೂ ಅವಳ ಒಕ್ಕಲೇ. ಹೆಣ್ಣು ನೋಡೋಕೆ ಬಂದಾಗ ಮನೆದೇವರು ಯಾವುದು ಅಂದ್ರೆ, ಎಲ್ಲಾರಂಗೆ ತಾಯಿ ಚಾಮುಂಡಿ ಅಂದ್ಬುಟ್ರಿ. ಒಂದೇ ದೇವರ ಒಕ್ಕಲು ಅಂದ್ರೆ ನಾವು ನೀವು ಅಣ್ಣತಮ್ಮಂದಿರು. ಅಣ್ಣಂಗೆ ತಂಗೀನ ಕೊಡಾಕಾಯ್ತದಾ? ಸಂಜೆ ಒಳಗೆ ಬಂದು ಬಗೆಹರಿಸು. ಇಲ್ಲಾಂದ್ರೆ ಛತ್ರದೋನಿಗೆ ಬ್ಯಾಡ ಅಂತ ಹೇಳ್ಬುಡ್ತೀನಿ."

ಚೆಲುವರಾಜುವಿನ ಕೈಯಿಂದ ಫೋನು ಜಾರಿ ಟ್ರಂಕಿನೊಳಗೆ ಬಿತ್ತು. ಮಂಗಳತ್ತೆಗೆ ಮತ್ತೆ ಮತ್ತೆ ಫೋನು ಮಾಡಿದ. ಸ್ವಿಚ್ ಆಫ್. ಕೊನೆಗೆ ಓಡಿದ್ದು ಸುರೇಶನ ಮನೆಗೆ.

ಸುರೇಶ ಅದೇ ಬೀದಿಯವನು, ಅವರದೇ ಜನ, ಇವನ ಜೊತೆಗಾರ. ಅವನಿಗೂ ಹೆಣ್ಣು ಸಿಕ್ಕಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಬೈಕು ಒರೆಸುತ್ತಿದ್ದ ಬಟ್ಟೆಯಿಂದಲೇ ಮುಖ ಒರೆಸಿಕೊಂಡು ಯೋಚಿಸಿದ.

"ಸುಲಭ ಕಣ್ಲಾ. ನಿಮ್ಮ ತಾತ ಆ ಮನೇಲಿ ಹುಟ್ಟೇ ಇಲ್ಲ ಅಂದ್ಬುಡು. ಸಂತೇಲಿ ಸಿಕ್ಕಿದ ಮಗು, ಸಾಕ್ಕಂಡ್ರು. ರಕ್ತಾನೇ ಬ್ಯಾರೆ ಆದ್ಮೇಲೆ ಅಣ್ಣತಮ್ಮ ಎಲ್ಲಿಂದ ಬಂತು?"

"ಥೂ, ಸತ್ತೋರ ಮೇಲೆ ಸುಳ್ಳು ಹೇಳಾದಾ?"

"ಅವರೇನು ಎದ್ದು ಬಂದು ಇಲ್ಲ ಅಂತಾರಾ?"

"ಯಾವ ಸಂತೆ ಅನ್ಲಿ?"

"ಹುಣಸೂರು ಅಂದ್ರೆ ಗುರುತಿನೋರು ಇರ್ತಾರೆ. ರಾವಂದೂರು ಅನ್ನು. ನಿಮಗೂ ಅಲ್ಲಿ ನೆಂಟರಿಲ್ಲ, ಕೋಟೆಯೋರಿಗೂ ಇಲ್ಲ. ಬಾ, ನಾನೂ ಬತ್ತೀನಿ. ನೀನೊಬ್ಬನೇ ಹೋದ್ರೆ ಬೆವೆತೇ ಸಿಕ್ಕಾಕ್ಕತೀಯ."

ಸುರೇಶನ ಬೈಕಿನಲ್ಲಿ ಕೋಟೆ ಮುಟ್ಟುವಾಗ ಇಳಿಹೊತ್ತು. ನಡುಮನೆಯಲ್ಲಿ ನಂಜುಂಡಸ್ವಾಮಿ ಕುರ್ಚಿಯ ಮೇಲೆ ಕೂತಿದ್ದರು. ಗೋಡೆಗೊರಗಿ ಅವರ ತಾಯಿ ಮಾಯಮ್ಮ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬಾಗಿಲ ಹಿಂದೆ ರೂಪಶ್ರೀಯ ಮುಖ ಅತ್ತು ಊದಿತ್ತು. ಅದನ್ನು ಕಂಡ ಮೇಲೆ ಚೆಲುವರಾಜುವಿಗೆ ಸುಳ್ಳು ಹೇಳುವ ಧೈರ್ಯ ತಾನಾಗಿ ಬಂತು. ಹೇಳಿದ.

ನಂಜುಂಡಸ್ವಾಮಿ ಹುಬ್ಬು ಗಂಟಿಕ್ಕಿದರು. "ಇಷ್ಟು ದಿನ ಇಲ್ಲದ ಕತೆ ಇವತ್ತು ಎಲ್ಲಿಂದ ಬಂತು? ದೀಪ ಮುಟ್ಟಿ ಹೇಳು."

ಸುರೇಶ ಬೆನ್ನಿಗೆ ತಿವಿದ. ಚೆಲುವರಾಜು ದೇವರ ಮುಂದಿನ ದೀಪ ಮುಟ್ಟಿದ. ಬೆರಳಿನ ಜೊತೆ ಎದೆಯೂ ಸ್ವಲ್ಪ ಸುಟ್ಟಿತು. "ನಮ್ಮ ತಾತ ರಾವಂದೂರು ಸಂತೇಲಿ ಸಿಕ್ಕಿದ ಮಗು. ನಿಜ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ಯಾವ ಸಂತೆ ಅಂದೆ ಮಗಾ?" ಎಂದರು ಮಾಯಮ್ಮ.

"ರಾವಂದೂರು, ಅಜ್ಜಿ."

"ಮಗೀನ ಎಡಗಾಲಲ್ಲಿ ಕಡಗ ಇತ್ತಾ?"

ಚೆಲುವರಾಜು ತಡವರಿಸಿದ. ಕತೆ ಗಟ್ಟಿಯಾಗಲಿ ಎಂದು ಸುರೇಶ ಹಿಂದಿನಿಂದ, "ಇತ್ತು ಅಜ್ಜಿ, ಇತ್ತು! ಬೆಳ್ಳೀದು!" ಎಂದ.

"ನೀಲಿ ಅಂಗಿ?"

"ನೀಲೀನೇ! ಇವರ ತಾತ ಸಾಯೋಗಂಟ ಅದೇ ಹೇಳೋರು!"

ಮಾಯಮ್ಮನ ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಎದ್ದವರೇ ಚೆಲುವರಾಜುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅಯ್ಯೋ ನನ್ನಪ್ಪಾ! ನಮ್ಮ ಯಜಮಾನ್ರ ತಮ್ಮ ಕಣೋ ಅದು! ನಮ್ಮತ್ತೆ ಎಮ್ಮೆ ಮಾರೋಕೆ ರಾವಂದೂರು ಸಂತೆಗೆ ಹೋಗಿ ಕೂಸ ಕಳ್ಕಂಡು ಬಂದಿದ್ರು. ನಾನು ಸೊಸೆಯಾಗಿ ಬಂದ ಮೇಲೂ ದಿನಾ ರಾತ್ರಿ ಅವನ ತಣಿಗೇಲಿ ಒಂದು ಮುದ್ದೆ ಎತ್ತಿಡೋರು. ಬತ್ತಾನೆ, ಹಸ್ಕಂಡು ಬತ್ತಾನೆ ಅಂತ. ಸಾಯೋ ದಿನಾನೂ ಎತ್ತಿಟ್ಟೇ ಸತ್ರು."

ಚೆಲುವರಾಜು ಸುರೇಶನನ್ನು ನೋಡಿದ. ಸುರೇಶ ಸೂರು ನೋಡಿದ.

ನಂಜುಂಡಸ್ವಾಮಿ ಕುರ್ಚಿಯಿಂದೆದ್ದು ಬೆರಳು ಮಡಚಿದರು. "ನಿನ್ನ ತಾತ ನಮ್ಮಪ್ಪನ ತಮ್ಮ. ಹಂಗಾದ್ರೆ ನಿಮ್ಮಪ್ಪ ನನಗೆ ತಮ್ಮ. ನೀನು ನನಗೆ ಮಗ. ಒಕ್ಕಲು ಒಂದೇ ಅಂದ್ರೆ ಎಲ್ಲೋ ದೂರದ ಅಣ್ಣ ಆಗ್ತಿದ್ದೆ. ಈಗ ನಮ್ಮ ರೂಪಂಗೆ ಮನೆಯ ಅಣ್ಣಾನೇ ಆಗ್ಬುಟ್ಟಲ್ಲೋ!"

ಬಾಗಿಲ ಹಿಂದೆ ಏನೋ ಧೊಪ್ಪೆಂದು ಬಿತ್ತು. ರೂಪಶ್ರೀ ಕೂತುಬಿಟ್ಟಿದ್ದಳು.

ಆಗ ಚೆಲುವರಾಜುವಿನ ಫೋನು ಹೊಡೆದುಕೊಂಡಿತು. ಮಂಗಳತ್ತೆ! ಮುಳುಗುವವನಿಗೆ ಬಾಳೆದಿಂಡು ಸಿಕ್ಕಿದಂತಾಯಿತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, "ಅತ್ತೆ, ತಾತ ಎಲ್ಲಿ ಹುಟ್ಟಿದ್ದು ಹೇಳತ್ತೆ!" ಎಂದು ಕೂಗಿದ.

"ಎಲ್ಲಿ ಅಂದ್ರೆ? ನಮ್ಮ ಮನೇಲೇ ಕಣ್ಲಾ, ಅಟ್ಟದ ಕೆಳಗಿನ ಕೋಣೇಲಿ."

"ಕಿವಿಯಿಲ್ಲದ ಕುದುರೆ ಫೋಟೊ ಐತಲ್ಲ, ಅದು?"

"ಓ ಅದಾ! ನಿಮ್ಮಪ್ಪಂಗೆ ಮೈಯೆಲ್ಲ ಅಮ್ಮ ಎದ್ದಿತ್ತು. ಪಕ್ಕದ ಮನೆಯೋರು ಅವರ ದೇವರಿಗೆ ಹೊರಟಿದ್ರು, ಗಾಡೀಲಿ ಜಾಗ ಇತ್ತು, ಹರಕೆ ಹೊತ್ತು ಮುಡಿ ಕೊಟ್ಟು ಬಂದೋ. ನಮ್ಮ ಮನೆದೇವರು ಬೆಟ್ಟದಯ್ಯ. ಅಷ್ಟೂ ಗೊತ್ತಿಲ್ವಾ ನಿಂಗೆ? ಇಲ್ಲಿ ಬಸ್ಸು ಹೊರಡ್ತದೆ, ಸೀಟು ಹೋಯ್ತದೆ, ಇಡ್ತೀನಿ."

ಫೋನು ಕಟ್ಟಾಯಿತು. ಬೆಳಿಗ್ಗೆ ನಿಲ್ಲಿಸಿದ್ದ ವಿಡಿಯೋ ಮೇಲಕ್ಕೆ ಬಂದಿತ್ತು. ಬೆರಳು ತಾಗಿ ಅದು ತಾನೇ ಶುರುವಾಯಿತು. ಕನ್ನಡಕದವರು ನಿಧಾನವಾಗಿ ಹೇಳಿದರು: "ಮೂರನೆಯ ಸಲಹೆ, ಎಲ್ಲಕ್ಕಿಂತ ಮುಖ್ಯ. ಸಿಕ್ಕ ಮಾಹಿತಿಯನ್ನು ಇನ್ನೊಬ್ಬರ ಹತ್ತಿರ ಖಚಿತ ಮಾಡಿಕೊಳ್ಳುವ ತನಕ ಯಾರಿಗೂ ಹೇಳಬೇಡಿ."

ನಂಜುಂಡಸ್ವಾಮಿಯ ಮುಖ ಇಸ್ತ್ರಿಪೆಟ್ಟಿಗೆಯಂತೆ ಕಾಯತೊಡಗಿತ್ತು. "ಹಂಗಾದ್ರೆ ದೀಪ ಮುಟ್ಟಿದ್ದು? ನಿಮ್ಮತ್ತೆ ಹೇಳಿದ್ದು ನಿಜವಾದ್ರೆ ನೀನು ದೇವರ ಮುಂದೆ ಸುಳ್ಳು ಹೇಳಿದೋನು. ಅಂಥೋನಿಗೆ ಈ ಮನೆ ಹೆಣ್ಣಿಲ್ಲ. ನೀನು ಹೇಳಿದ್ದು ನಿಜವಾದ್ರೆ ನೀನು ಅವಳ ಅಣ್ಣ. ಯಾವುದು, ನೀನೇ ಹೇಳು."

ಚೆಲುವರಾಜು ಬಾಯಿ ತೆರೆದ. ನಿಜವನ್ನೇ ಹೇಳಲು ತೆರೆದದ್ದು. ಅಷ್ಟರಲ್ಲಿ ಮಾಯಮ್ಮ ಒಳಗಿನಿಂದ ಒಂದು ಹಳೆಯ ಕಂಚಿನ ತಣಿಗೆ ತಂದರು. ಅಂಚು ಸವೆದ, ಮಗುವಿನ ಅಳತೆಯ ತಣಿಗೆ. ಅದರಲ್ಲಿ ಬಿಸಿ ಮುದ್ದೆ, ಉಪ್ಸಾರು.

"ಯಾವಳೋ ಬಸ್ಸಲ್ಲಿ ಕೂತ್ಕಂಡು ಏನೋ ಅಂದ್ರೆ ನಾನು ನಂಬಾನ? ಆ ಮೂಗು ನೋಡು, ಥೇಟ್ ನಮ್ಮ ಯಜಮಾನ್ರದು. ಉಣ್ಣು ಕೂಸೇ. ನಮ್ಮತ್ತೆ ಎತ್ತಿಟ್ಟಿದ್ದು ಇವತ್ತು ಮುಟ್ತು" ಎಂದು ಕಣ್ಣೊರೆಸಿಕೊಳ್ಳುತ್ತ ಒಂದು ತುತ್ತು ಮುರಿದು ಅವನ ತೆರೆದ ಬಾಯಿಗೇ ಇಟ್ಟರು.

ಬಾಯಲ್ಲಿ ಮುದ್ದೆ, ಎದುರಿಗೆ ಆ ಮುದುಕಿಯ ಕಣ್ಣು. ಚೆಲುವರಾಜು ರೂಪಶ್ರೀಯ ಕಡೆ ನೋಡಿದ. ಅವಳು ಅಜ್ಜಿಯ ಕಡೆ ನೋಡಿದಳು. ಮುದ್ದೆಯನ್ನು ಅಗಿಯುವಂತಿಲ್ಲ, ಉಗಿಯುವಂತಿಲ್ಲ. ನುಂಗಿದ. ಅದರ ಜೊತೆ ನಿಜವೂ ಇಳಿದುಹೋಯಿತು.

ರೂಪಶ್ರೀ ಎದ್ದು, ಸೆರಗಿನಿಂದ ಮೂಗೊರೆಸಿಕೊಂಡು, ಸಾರಿನ ಸೌಟು ಹಿಡಿದು ಬಂದಳು.

"ಇನ್ನೊಂಚೂರು ಹಾಕ್ಲಾ... ಅಣ್ಣಾ?"

ನಂಜುಂಡಸ್ವಾಮಿ ದೊಡ್ಡದೊಂದು ಉಸಿರು ಬಿಟ್ಟು ಕುರ್ಚಿಗೊರಗಿದರು. ಛತ್ರಕ್ಕೆ ಮುಂಗಡ ಹೋಗಿತ್ತು, ಅಡುಗೆಯವನು ಒಪ್ಪಿದ್ದ. ಅವರ ಕಣ್ಣು ಮೆಲ್ಲಗೆ ನಡುಮನೆಯೆಲ್ಲ ಸುತ್ತಿ, ನೆಲದ ಮೇಲೆ ಚೆಲ್ಲಿದ್ದ ಅವರೆಕಾಳನ್ನು ವಿನಯವಾಗಿ ಆರಿಸಿಕೊಡುತ್ತಿದ್ದ ಸುರೇಶನ ಮೇಲೆ ನಿಂತಿತು.

"ನಿಮ್ಮ ಮನೆದೇವರು ಯಾವುದಪ್ಪಾ?"

"ಬಸವಣ್ಣ, ಸಾ. ಬೇಕಾದ್ರೆ ಇನ್ನೊಬ್ಬರ ತಾವ ವಿಚಾರಿಸ್ಕಳಿ."

"ಮುತ್ತಾತನ ಹೆಸರು?"

"ಚಿಕ್ಕಮಾದು" ಎಂದ ಸುರೇಶ, ಕಣ್ಣು ಮಿಟುಕಿಸದೆ. "ಅವರಪ್ಪನ ಹೆಸರೂ ಬೇಕಾ?"

ಹೊರಡುವಾಗ ಕತ್ತಲಾಗಿತ್ತು. ಚೆಲುವರಾಜು ಬೈಕಿನ ಹಿಂದೆ ಹತ್ತಿದ. ಮಾಯಮ್ಮ ಕಟ್ಟಿಕೊಟ್ಟಿದ್ದ ಅವರೆಕಾಯಿ ಗಂಟು ಅವನ ಮಡಿಲಲ್ಲಿತ್ತು. ಸುರೇಶ ಕಿಕ್ಕರ್ ಒದ್ದು, ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಹಿಂದಕ್ಕೆ ತಿರುಗಿದ. ಹುಟ್ಟಿದಾಗಿನಿಂದ 'ಲೇ' ಎಂದೇ ಕರೆದಿದ್ದವನು ಈಗ ಬಲು ಗೌರವದಿಂದ ಹೇಳಿದ:

"ಭಾವ, ಹಳ್ಳದಿಣ್ಣೆ ರಸ್ತೆ. ಗಟ್ಟಿಯಾಗಿ ಹಿಡ್ಕಳಿ."