ಕಂಪ್ಯೂಟರಿಗೊಂದು ಮಂಟಪ

ಹೊನ್ನಾಳಿಯಲ್ಲಿ ಮೊಟ್ಟಮೊದಲು ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟಿದ ಮಹಾಪುರುಷ ಯಾರು? ನಾನೇ! ಎದೆ ತಟ್ಟಿ ಹೇಳುತ್ತೇನೆ. ಬೇರೆ ಯಾರೂ ನನ್ನ ಬೆನ್ನು ತಟ್ಟಲಿಲ್ಲವಲ್ಲ, ಅದಕ್ಕೆ!

ಎಂಬತ್ತೇಳನೇ ಇಸವಿಯ ಮಾತು. ಪಂಚಾಕ್ಷರಪ್ಪನವರ ಅಕ್ಕಿ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಒಂದು ದಿನ ಸಾಹುಕಾರರು ದಾವಣಗೆರೆಯ ಬೀಗರ ಮಿಲ್ಲಿಗೆ ಹೋಗಿ ಬಂದವರೇ ನನ್ನನ್ನು ಕರೆದರು.

"ಜಂಪಣ್ಣಾ, ಅಲ್ಲಿ ಕಂಪ್ಯೂಟರ್ ಅಂತ ಒಂದು ಪೆಟ್ಟಿಗೆ ಐತೆ ಕಣಪ್ಪಾ. ಗುಂಡಿ ಒತ್ತಿದ್ರೆ ಲೆಕ್ಕ ತಾನೇ ಬರ್ತೈತೆ. ಅದನ್ನ ಒತ್ತಾಕೆ ಅಂತ್ಲೇ ಇಸ್ತ್ರಿ ಪ್ಯಾಂಟಿನ ಗುಮಾಸ್ತ ಒಬ್ಬ ಅವ್ನೆ. ನಾವೂ ಪೆಟ್ಟಿಗೆ, ಗುಮಾಸ್ತ ಎರಡೂ ತರಿಸೋಣ ಅಂತ. ನಿಂಗೂ ವಯಸ್ಸಾತು, ಆರಾಮಾಗಿ ಮನೇಲಿರು."

ಆರಾಮ! ನನ್ನ ಹೆಂಡತಿ ಕೊಟ್ರಮ್ಮ ಇರುವ ಮನೆಯಲ್ಲಿ ಹಗಲೆಲ್ಲ ಆರಾಮ! ಈ ಕೆಲಸ ಹೋದರೆ ಇನ್ನೊಂದು ಕೊಡುವವರು ಯಾರು? ಆ ಗಾಬರಿಯಲ್ಲಿ ನನ್ನ ಬಾಯಿ ನನ್ನನ್ನೊಂದು ಮಾತೂ ಕೇಳದೆ ಘೋಷಿಸಿಬಿಟ್ಟಿತು:

"ಕೊಳ್ಳೋದು ಯಾಕೆ ಸಾಹುಕಾರ್ರೇ? ನಾನೇ ಕಟ್ತೀನಿ! ನಿಮ್ಮ ಬೀಗರು ಕೊಟ್ಟ ದುಡ್ಡಿನ ಕಾಲುಭಾಗದಾಗೆ!"

'ಕಾಲುಭಾಗ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಾಹುಕಾರರ ಮುಖ ಅರಳಿತು. "ಆಗ್ಲಿ. ಆಯುಧಪೂಜೆ ದಿನ ಮಿಲ್ಲಿನಾಗೆ ಇರ್ಬೇಕು ನೋಡು. ಇಲ್ಲಾಂದ್ರೆ ಆ ಪ್ಯಾಂಟಿನೋನು ಬರ್ತಾನೆ."

ನನ್ನ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಹಿಂದೆ ಒಮ್ಮೆ ಮನೆಯ ರೇಡಿಯೋ ರಿಪೇರಿ ಮಾಡಿದ್ದೆ. ಆಮೇಲೆ ಅದು ಹಾಡಲಿಲ್ಲ, ನಿಜ. ಆದರೆ ಬಿಚ್ಚಿದ್ದು ನಾನೇ ತಾನೇ! ಸಾಲದ್ದಕ್ಕೆ ಮನೆಯಲ್ಲೇ ಕಂಪ್ಯೂಟರ್ ಕಟ್ಟುವ ಬಗೆಯನ್ನು ತಿಳಿಸುವ ಇಂಗ್ಲಿಷ್ ಪತ್ರಿಕೆಯೊಂದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಕ್ಕಿತ್ತು. ಅದರಲ್ಲಿನ ಚಿತ್ರಗಳೆಲ್ಲ ನನಗೆ ಅರ್ಥವಾಗಿದ್ದವು.

ಸಾಹುಕಾರರು ಎಣಿಸಿ ಕೊಟ್ಟ ಕಾಲುಭಾಗದ ದುಡ್ಡು ಹಿಡಿದು ಬೆಂಗಳೂರಿಗೆ ದಂಡಯಾತ್ರೆ ಹೊರಟೆ. ಬಿಡಿಭಾಗಗಳ ಅಂಗಡಿಯವನು ಕೇಳಿದ, "ಮೆಮೊರಿ ಎಷ್ಟು ಹಾಕ್ಲಿ ಸಾರ್? ಚಿಕ್ಕದಾ, ದೊಡ್ಡದಾ?"

"ಮೆಮೊರಿ ಅಂದ್ರೆ?"

"ನೆನಪಿನ ಶಕ್ತಿ ಸಾರ್."

ದೊಡ್ಡದರ ಬೆಲೆ ಕೇಳಿ ಗಲ್ಲಾಪೆಟ್ಟಿಗೆಯ ಅಂಚು ಹಿಡಿದುಕೊಂಡೆ. "ಚಿಕ್ಕದೇ ಕೊಡಪ್ಪಾ. ಕೊಡಬೇಕಾದ ಬಾಕಿ ನಮ್ಮ ಸಾಹುಕಾರ್ರಿಗೇ ನೆನಪಿರಲ್ಲ, ಇದಕ್ಯಾಕೆ?"

ಕೀಬೋರ್ಡಿನ ಸರದಿ ಬಂತು. ಹೊಸದು ನನ್ನ ಯೋಗ್ಯತೆಗೆ ಮೀರಿದ್ದು. ಮೂಲೆಯಲ್ಲಿ ಅರ್ಧ ಬೆಲೆಯದೊಂದು ಧೂಳು ತಿನ್ನುತ್ತಿತ್ತು. "ಇದ್ರಲ್ಲಿ ಏಳರ ಅಂಕಿ ಒಂದು ಬೀಳಲ್ಲ ಸಾರ್. ಮಿಕ್ಕಿದ್ದೆಲ್ಲಾ ಫಸ್ಟ್ ಕ್ಲಾಸ್" ಎಂದ. ಏಳು ತಾನೇ, ಹೋಗಲಿ! ಏಳು ಮೂಟೆ ತಂದ ರೈತನಿಗೆ ಮೊದಲು ಆರು, ಆಮೇಲೆ ಒಂದು ಎಂದು ಬರೆದರಾಯಿತು. ಎಪ್ಪತ್ತು ಮೂಟೆ ತಂದವನನ್ನು ಬೇರೆ ಮಿಲ್ಲಿಗೆ ಕಳಿಸಿದರಾಯಿತು! ಆಗ ಪ್ರೋಗ್ರಾಂ ತುಂಬುತ್ತಿದ್ದದ್ದು ಹಾಡಿನ ಕ್ಯಾಸೆಟ್ಟಿನಲ್ಲೇ; ಅದಕ್ಕೆಂದು ಹೊಸದು ಕೊಳ್ಳುವಷ್ಟು ದಡ್ಡನೂ ನಾನಲ್ಲ. ನಮ್ಮ ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯದೊಂದನ್ನು ಜೇಬಿನಲ್ಲಿ ತಂದಿದ್ದೆ. ಅದರ ಮೊದಲಿನ ಸ್ವಲ್ಪ ಭಾಗದಲ್ಲಿ ಅವನು ಲೆಕ್ಕದ ಪ್ರೋಗ್ರಾಂ ತುಂಬಿಸಿಕೊಟ್ಟ.

ಅಲ್ಲಿಗೆ ದುಡ್ಡು ಬಹುಪಾಲು ಮುಗಿಯಿತು. ಮಿಕ್ಕ ಭಾಗಗಳನ್ನು ನಮ್ಮ ಮನೆಯಲ್ಲೇ ಆರಿಸಿದೆ. ಪ್ರೋಗ್ರಾಂ ಓಡಿಸಲು ಮನೆಯ ಟೇಪ್ ರೆಕಾರ್ಡರು, ಅಕ್ಷರ ಮೂಡಲು ಮಾವ ಕೊಟ್ಟಿದ್ದ ಕಪ್ಪು-ಬಿಳುಪು ಟೀವಿ.

"ಏನ್ರೀ, ಟೀವಿ ಯಾಕೆ ಎತ್ತಾಕತ್ತೀರಿ?"

"ವಿಜ್ಞಾನಕ್ಕೆ ಬೇಕು, ಕೊಟ್ರಮ್ಮಾ!"

"ವಿಜ್ಞಾನಕ್ಕೆ ಅವರಪ್ಪನ ಮನೇಲಿ ಟೀವಿ ಕೊಟ್ಟಿಲ್ವಾ? ಭಾನುವಾರ ನಾನೇನು ಗೋಡೆ ನೋಡ್ಲಾ?"

"ನನ್ನ ಕೆಲಸ ಹೋದ್ರೆ ದಿನಾ ನನ್ನ ಮುಖ ನೋಡ್ಬೇಕಾಗ್ತೈತೆ!"

ಅವಳು ಒಂದು ಕ್ಷಣ ಯೋಚಿಸಿದಳು. "ತಗಂಡೋಗ್ರಿ" ಎಂದಳು.

ಇಷ್ಟನ್ನೂ ಒಳಗಿಡಲು ಒಂದು ಪೆಟ್ಟಿಗೆ ಬೇಕಲ್ಲ? ಬಡಗಿ ಮೌನೇಶಾಚಾರಿ ಹತ್ತಿರ ಹೋದೆ. ಆತ ಅಂಗಡಿಯ ಹಿಂದೆ ಕರೆದೊಯ್ದು, ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟಿದ್ದ ದೇವರ ಮಂಟಪ ತೋರಿಸಿದ. ನಾಲ್ಕು ಕಂಬ, ಮೇಲೊಂದು ಗೋಪುರ, ಅಕ್ಕಪಕ್ಕ ನವಿಲು!

"ಹೊಸ ಪೆಟ್ಟಿಗೆ ಮಾಡಾಕೆ ಜಾಸ್ತಿ ಆಗ್ತೈತೆ ಜಂಪಣ್ಣಾರೇ. ಇದನ್ನ ಮರದ ರೇಟಿಗೆ ಕೊಡ್ತೀನಿ. ಒಳಗೆ ಏನು ಕುಂದ್ರಿಸ್ತೀರೋ ನಿಮ್ಮಿಷ್ಟ."

ಮರದ ರೇಟು! ಎರಡನೇ ಮಾತಾಡದೆ ಹೊರಿಸಿಕೊಂಡು ಬಂದೆ. ಟೀವಿ ಗರ್ಭಗುಡಿಯಲ್ಲಿ ಹೇಳಿ ಮಾಡಿಸಿದ ಹಾಗೆ ಕುಳಿತಿತು. ಬೆಂಗಳೂರಿನ ಬಿಡಿಭಾಗಗಳನ್ನು ಚಿತ್ರ ನೋಡಿ ಕೂಡಿಸಿದ ಬೋರ್ಡನ್ನು ಅದರ ನೆತ್ತಿಯ ಮೇಲೆ, ಗೋಪುರದ ಕೆಳಗೆ ಮಲಗಿಸಿದೆ. ಬಿಸಿಗಾಳಿ ಹೋಗಲೆಂದು ಗೋಪುರಕ್ಕೆ ನಾನೇ ತೂತು ಕೊರೆದೆ. ಎರಡು ಮತ್ತು ಎರಡು ಕೂಡಿಸಲು ಹೇಳಿ ಉಸಿರು ಬಿಗಿಹಿಡಿದೆ. ಪರದೆಯ ಮೇಲೆ ನಾಲ್ಕು ಮೂಡಿತು! ನಾನು ಗಳಗಳನೆ ಅತ್ತುಬಿಟ್ಟೆ.

ಕೊಟ್ರಮ್ಮ ಇಣುಕಿ ನೋಡಿದಳು. "ಇಷ್ಟೇನಾ? ನನ್ನ ಕೇಳಿದ್ರೆ ಟೀವಿ ಎತ್ತದೇನೇ ಹೇಳ್ತಿದ್ದೆ."

ಆಯುಧಪೂಜೆ ದಿನ ಎತ್ತಿನಗಾಡಿಯಲ್ಲಿ ನನ್ನ ಕಂಪ್ಯೂಟರಿನ ಮೆರವಣಿಗೆ ಹೊರಟಿತು. ಹಿಂದೆ ಅಪರಾಧಿಯಂತೆ ನಾನು, ಕಾವಲಿಗೆ ಕೊಟ್ರಮ್ಮ. ದಾರಿಯಲ್ಲಿ ಇಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು!

ಮಿಲ್ಲಿನಲ್ಲಿ ತಂತಿಗಳನ್ನೆಲ್ಲ ಸಿಕ್ಕಿಸಿ ಟೇಪ್ ರೆಕಾರ್ಡರ್ ಓಡಿಸಿದೆ. ಪ್ರೋಗ್ರಾಂ ಒಳಗಿಳಿಯಿತು. ಪರದೆ ಬೆಳಗಿ ಇಂಗ್ಲಿಷಿನಲ್ಲಿ ಗಿರಾಕಿಯ ಹೆಸರು ಕೇಳಿತು. ಸಾಹುಕಾರರ ತಾಯಿ ಸಿದ್ದಲಿಂಗಮ್ಮನವರು ಗಲ್ಲ ಗಲ್ಲ ಬಡಿದುಕೊಂಡರು.

"ಏನಂತೈತೆ ಜಂಪಣ್ಣಾ?"

"ಹೆಸರು ಕೇಳ್ತೈತೆ ಅಮ್ಮಾರೇ."

"ನನ್ನ ಹೆಸರು ಹೇಳು. ಮನೆದೇವ್ರ ಹೆಸರೂ ಸೇರಿಸು!"

ಸಿದ್ದಲಿಂಗಮ್ಮ ಎನ್ನುವಷ್ಟಕ್ಕೇ ಚಿಕ್ಕ ಮೆಮೊರಿ ಸುಸ್ತಾದ ಹಾಗೆ ಕಂಡಿತು. ಮನೆದೇವರಿಗೆ ಜಾಗ ಎಲ್ಲಿ? ನಾನು ಕೀಬೋರ್ಡಿನ ಮೇಲೆ ಬಗ್ಗಿ ಒದ್ದಾಡುತ್ತಿದ್ದಾಗ, ಪೂಜೆಗೆ ಬಂದಿದ್ದ ಅಯ್ನೋರು ನನ್ನ ಹಿಂದಿನಿಂದ ಬಂದು ಮಂಟಪಕ್ಕೆ ವಿಭೂತಿ ಬಳಿದು, ಗೋಪುರದ ತೂತು ನೋಡಿ ತಲೆದೂಗಿದರು.

"ಅಭಿಷೇಕಕ್ಕೆ ಕಿಂಡಿ ಬಿಟ್ಟಿದ್ದು ಒಳ್ಳೇದಾತು!"

"ಅಯ್ನೋರೇ, ಬ್ಯಾಡ್ರೀ!" ಎಂದು ನಾನು ಕಿರುಚುವುದಕ್ಕೂ ಒಂದು ತಂಬಿಗೆ ಪಂಚಾಮೃತ ಒಳಗಿಳಿಯುವುದಕ್ಕೂ ಸರಿಹೋಯಿತು. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಬಾಳೆಹಣ್ಣು, ಎಲ್ಲವೂ! ಚಟ್! ಟೀವಿ ಒಮ್ಮೆ ಫಳ್ಳನೆ ಮಿಂಚಿತು, ಮಿಲ್ಲಿನ ಫ್ಯೂಸ್ ಹಾರಿತು, ಗೋಪುರದಿಂದ ಬುಸುಬುಸು ಹೊಗೆ ಎದ್ದಿತು.

"ಶಿವಶಿವಾ! ಧೂಪನೂ ತಾನೇ ಹಾಕ್ಕಂತು!" ಸಿದ್ದಲಿಂಗಮ್ಮನವರು ಅಡ್ಡಬಿದ್ದರು.

ನಾನು ಹುಚ್ಚನ ಹಾಗೆ ಕೈಗೆ ಸಿಕ್ಕ ವೈರುಗಳನ್ನೆಲ್ಲ ಕಿತ್ತೆ. ಬ್ಯಾಟರಿಯ ಮೇಲೆ ಓಡುತ್ತಿದ್ದ ಟೇಪ್ ರೆಕಾರ್ಡರನ್ನು ನಿಲ್ಲಿಸುವುದನ್ನೇ ಮರೆತಿದ್ದೆ! ಅದರ ದನಿಯನ್ನೆಲ್ಲ ಬೋರ್ಡಿಗೆ ಸಾಗಿಸುತ್ತಿದ್ದ ಇಯರ್‌ಫೋನ್ ತೂತಿನ ವೈರು ಕಳಚಿತು ನೋಡಿ, ಪ್ರೋಗ್ರಾಂ ಮುಗಿದ ಮುಂದಿನ ಭಾಗದಿಂದ ಹೆಣ್ಣುದನಿಯ ಸೋಬಾನೆ ಪದ ಮಿಲ್ಲಿನ ತುಂಬ ಮೊಳಗಿತು! ಹಮಾಲರೆಲ್ಲ ಮೂಟೆ ಬಿಟ್ಟು ಮೊಣಕಾಲೂರಿದರು.

"ಅಯ್ಯೋ, ಅದು ನನ್ನ ದನಿ!" ಕೊಟ್ರಮ್ಮ ಚೀರಿದಳು. "ನಮ್ಮ ತಂಗಿ ಮದುವೆ ಕ್ಯಾಸೆಟ್ಟು! ಏನ್ರೀ, ಅದನ್ನ ಅಳಿಸಿದ್ರಾ?"

ಸಿದ್ದಲಿಂಗಮ್ಮನವರು ಅವಳ ಕೈ ಹಿಡಿದರು. "ಸ್ವಾಮಿ ನಿನ್ನ ದನೀಲಿ ಹಾಡೈತೆ ಅಂದ್ರೆ ನೀನು ಪುಣ್ಯವಂತೆ ಕಣವ್ವಾ!" ನನ್ನ ಕಡೆ ಎತ್ತಿದ್ದ ಕೊಟ್ರಮ್ಮನ ಕೈ ಮೆಲ್ಲಗೆ ಸೆರಗು ಸರಿಪಡಿಸಿಕೊಂಡಿತು. ಮುದುಕಿ ಮಗನ ಕಡೆ ತಿರುಗಿದರು. "ಪಂಚಾಕ್ಷರೀ, ಇಂಥಾದ್ರ ಕೈಲಿ ಮೂಟೆ ಲೆಕ್ಕ ಬರೆಸ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?"

ಸಾಹುಕಾರರು ಹೊಗೆಯನ್ನು ನೋಡಿದರು, ತಾಯಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅವ್ವ ಹೇಳಿದ್ಮೇಲೆ ಮುಗೀತು. ಇದು ಹಿಂಗೇ ಇಲ್ಲೇ ಇರ್ಲಿ. ಆ ಪ್ಯಾಂಟಿನೋನು ಬ್ಯಾಡ, ಇದ್ರ ಮುಂದೆ ಸಿಗರೇಟ್ ಸೇದಿದ್ರೆ ಕಷ್ಟ. ಲೆಕ್ಕ ನೀನೇ ಬರಿ ಜಂಪಣ್ಣಾ. ದಿನಾ ಒಂದಿಷ್ಟು ಬೇಗ ಬಂದು ಕಸ ಹೊಡ್ದು ದೀಪ ಹಚ್ಚು."

ಕೆಲಸ ಉಳಿಯಿತು! ಮನೆಗೆ ಬರುವ ದಾರಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. "ನೋಡಿದ್ಯಾ ಕೊಟ್ರಮ್ಮಾ? ನಾನು ಕಟ್ಟಿದ ಕಂಪ್ಯೂಟರಿಗೆ ಊರಿಗೆ ಊರೇ ಕೈ ಮುಗೀತು!"

"ಥೇಟ್ ನಿಮ್ಮಂಗೇ ಕಟ್ಟೀರಿ ಬಿಡ್ರೀ" ಎಂದಳು ಆ ಪುಣ್ಯವಂತೆ. "ಒಂದು ಕೆಲಸ ಮಾಡಂಗಿಲ್ಲ, ಕುಂತಲ್ಲಿಂದ ಏಳಂಗಿಲ್ಲ, ಹೊತ್ತೊತ್ತಿಗೆ ಎಲ್ಲಾ ಮುಂದಕ್ಕೇ ತಂದಿಡ್ಬೇಕು. ಪುಣ್ಯಕ್ಕೆ, ಅದು ಸಾರಿಗೆ ಉಪ್ಪು ಕಮ್ಮಿ ಅನ್ನಲ್ಲ!"