ಪ್ರಾಸ್ಟೇಟ್ ಮತ್ತು ನನ್ನ ಮೀಸೆ

ಕ್ಯಾನ್ಸರ್ ಬಂದವನು ಮುಖ ಗಂಟು ಹಾಕಿಕೊಂಡೇ ಇರಬೇಕು ಅಂತ ನಮ್ಮ ಕಡೆ ಒಂದು ಭಾವನೆ ಇದೆ. ನಾನೂ ಪ್ರಯತ್ನಪಟ್ಟೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಬಂದಿದೆ.

ಸುಮ್ಮನೆ ಕೂರುವ ಚಿಕಿತ್ಸೆ

ನಾನು ಕಾರ್ಗಲ್‌ನಲ್ಲಿದ್ದುಕೊಂಡು ಅಣೆಕಟ್ಟೆಯಲ್ಲಿ ದುಡಿದು ನಿವೃತ್ತನಾದವನು. ಸಾಗರದ ಡಾಕ್ಟರು, ಕಾಯಿಲೆ ಶುರುವಿನಲ್ಲೇ ಸಿಕ್ಕಿದೆ, ನಿಧಾನವಾಗಿ ಬೆಳೆಯುವಂಥದ್ದು, ಸದ್ಯಕ್ಕೆ ಏನೂ ಮಾಡುವುದು ಬೇಡ, ಆಗಾಗ ರಕ್ತ ಪರೀಕ್ಷೆ ಮಾಡಿ ನೋಡುತ್ತಿರೋಣ ಅಂದರು. ನನಗೆ ಸಿಟ್ಟು ಬಂತು. ಒಳಗೆ ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನೆ ಕೂರುವುದು ಯಾವ ಸೀಮೆ ಚಿಕಿತ್ಸೆ ಅಂದೆ. ನಿಮ್ಮ ಅಣೆಕಟ್ಟೆಯಲ್ಲಿ ನೀರು ಜಿನುಗುವುದಿಲ್ಲವೇ ಅಂತ ಕೇಳಿದರು. ಜಿನುಗುತ್ತದೆ, ಅಳೆಯುತ್ತಿರುತ್ತೇವೆ, ಹೆಚ್ಚಾದರೆ ಮಾತ್ರ ರಿಪೇರಿ ಅಂದೆ.

"ಎಷ್ಟು ವರ್ಷ ಅಳೆದ್ರಿ?"

"ಸರ್ವೀಸ್ ಪೂರ್ತಿ."

"ಅದಕ್ಕೆ ಸಂಬಳ ತಗೊಂಡ್ರಿ ತಾನೇ?"

ನಾನು ಅಂಗಿಯ ತೋಳು ಮಡಚಿ ರಕ್ತ ಕೊಟ್ಟೆ.

ನೀವು ಮೊದಲು

ಎರಡು ವರ್ಷ ಕಳೆದ ಮೇಲೆ ಪರೀಕ್ಷೆಯ ಅಂಕಿ ಏರಿತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ರೇಡಿಯೇಶನ್. ಮಿಷನ್ ಕೆಳಗೆ ಮಲಗುವಾಗ ಮೂತ್ರಚೀಲ ತುಂಬಿರಬೇಕು. ಹಾಗಾಗಿ ನೀರು ಕುಡಿದು ಕಟ್ಟಿಕೊಂಡು ಕೂರಬೇಕು. ಪಕ್ಕದಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು, ಅದೇ ಕಾಯಿಲೆಯವರು. ಒಂದು ದಿನ ನರ್ಸ್, ಇಬ್ಬರಲ್ಲಿ ಯಾರಾದರೂ ಬನ್ನಿ ಅಂದಳು. ಇಬ್ಬರಿಗೂ ತಡೆಯಲಾಗುತ್ತಿಲ್ಲ. ಆದರೆ ನಮ್ಮ ಕಡೆಯ ಉಪಚಾರ ಬಿಡಬೇಕಲ್ಲ.

"ನೀವು ಹೋಗ್ಬನ್ನಿ ಮೇಷ್ಟ್ರೇ."

"ಛೆ, ಎಲ್ಲಾದ್ರೂ ಉಂಟಾ? ನೀವು ಹಿರಿಯರು."

ಒತ್ತಾಯ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನವರು ಎದ್ದು ಒಳಗೆ ಹೋಗಿ ಮಲಗಿಯಾಗಿತ್ತು. ನಾವಿಬ್ಬರೂ ಶೌಚಾಲಯಕ್ಕೆ ಓಡಿದೆವು. ಅದರ ಬಾಗಿಲಲ್ಲಿ ಯಾರೂ ಯಾರಿಗೂ ಉಪಚಾರ ಹೇಳಲಿಲ್ಲ.

ಅಕ್ಕನ ಹರಕೆ

ಆಮೇಲಿನ ಐದು ವರ್ಷ ಪ್ರತಿ ಸಲ ರಕ್ತ ಕೊಟ್ಟಾಗಲೂ, ರಿಪೋರ್ಟ್ ಬರುವ ತನಕ ನನ್ನ ಹೆಂಡತಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕಾಯಿಲೆ ಮತ್ತೆ ಬಂದೀತೆಂಬ ಹೆದರಿಕೆ ನನಗೂ ಇತ್ತು, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ. ಮೊನ್ನೆ ಡಾಕ್ಟರು, ಎಲ್ಲ ಸರಿಯಿದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರು. ಮೂತ್ರದ ಅವಸರ ಈಗಲೂ ಇದೆ. ಯಾವ ಊರಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ. ಇರಲಿ, ಬದುಕಿದ್ದೇನಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಂಡ ಹೆಂಡತಿ ಇಬ್ಬರೂ ಅತ್ತೆವು.

ಸುದ್ದಿ ತಿಳಿದದ್ದೇ ಹೊಸನಗರದಿಂದ ಅಕ್ಕ ಫೋನ್ ಮಾಡಿದಳು. ಐದು ವರ್ಷ ನೆಟ್ಟಗಿದ್ದರೆ ತಮ್ಮನ ಮುಡಿ ಕೊಡಿಸುತ್ತೇನೆ ಅಂತ ಮನೆದೇವರಿಗೆ ಹರಕೆ ಹೊತ್ತಿದ್ದಳಂತೆ. ನಲವತ್ತು ದಾಟುವ ಮೊದಲೇ ತಲೆ ಬೋಳಾದವನ ಮುಡಿ! ದೇವಸ್ಥಾನದ ಹತ್ತಿರದ ಕ್ಷೌರಿಕ ನನ್ನ ತಲೆಯನ್ನು ಸುತ್ತಲೂ ನೋಡಿ, ಇದ್ದ ನಾಲ್ಕು ಎಳೆ ತೆಗೆದ. ಇಷ್ಟೇ ಕೊಟ್ಟರೆ ದೇವರಿಗೆ ಮೋಸವಾಗುತ್ತದೆ ಅಂದಳು ಅಕ್ಕ. ಮದುವೆಯ ಕಾಲದಿಂದ ಸಾಕಿದ್ದ ನನ್ನ ಗಿರಿಜಾ ಮೀಸೆಯೂ ಹೋಯಿತು.

ಕಾರ್ಗಲ್‌ಗೆ ವಾಪಸು ಬಂದು ಗೇಟು ತೆಗೆಯುವಾಗ ಪಕ್ಕದ ಮನೆಯಾಕೆ ನೋಡಿದರು. ಮಿರಮಿರ ಮಿಂಚುವ ತಲೆ, ಮೀಸೆ ಇಲ್ಲದ ಸಣ್ಣ ಮುಖ. ಓಡಿ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಮತ್ತೆ ಬಂತಾ ಅಕ್ಕಾ?" ಅಂತ ಕಣ್ಣೀರು ಹಾಕಿದರು.

ನನ್ನ ಹೆಂಡತಿ ಅವರ ಬೆನ್ನು ಸವರುತ್ತಾ ಹೇಳಿದಳು: "ಇಲ್ಲ ಮಾರಾಯ್ತಿ, ಇವ್ರಿಗೆ ಪೂರ್ತಿ ವಾಸಿಯಾಯ್ತು. ಅದಕ್ಕೇ ಹೀಗಾಗಿದಾರೆ."