ಸಂಶಯರಾಯರ ಅಸಲಿ ಫೈಲು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಶಯರಾಯರ ಮನೆಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತಾನೇ ತಾನಾಗಿ ತೆರೆದುಕೊಂಡಿತು. ರಾಯರು ಮುಚ್ಚಿದರು. ಅದು ಮತ್ತೆ ತೆರೆದುಕೊಂಡಿತು. ಮೂರನೆಯ ಸಲ ಮುಚ್ಚಿದಾಗ ಪಟ್ಟಿಯ ನೀಲಿ ಗೆರೆ ಮೇಲಕ್ಕೂ ಕೆಳಕ್ಕೂ ಓಡಾಡತೊಡಗಿತು, ಒಳಗೆ ಯಾರೋ ಕೂತು ಏನನ್ನೋ ಹುಡುಕುತ್ತಿರುವ ಹಾಗೆ.

ಸಂಶಯರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಸ್ಪತ್ರೆಯ ಉಗ್ರಾಣದ ಸಹೋದ್ಯೋಗಿಗಳು ಇಟ್ಟದ್ದು. ಇಪ್ಪತ್ತೆರಡು ವರ್ಷ ಹತ್ತಿ, ಬ್ಯಾಂಡೇಜು, ಹಾಸಿಗೆಯ ಬಟ್ಟೆಗಳನ್ನು ಕಾದೂ ಕಾದೂ ಅವರಿಗೆ ಲೋಕದಲ್ಲಿ ಎರಡೇ ಜಾತಿಯ ಜನ ಕಾಣುತ್ತಿದ್ದರು: ಕಳ್ಳರು, ಮತ್ತು ಕದಿಯಲು ಇನ್ನೂ ಪುರುಸೊತ್ತು ಸಿಗದವರು. ಈಗ ಉಗ್ರಾಣದ ಮುಖ್ಯಸ್ಥರ ಹುದ್ದೆ ಖಾಲಿಯಾಗಿತ್ತು. ಬೇಕಾದವರು ಉಗ್ರಾಣವನ್ನು ಹೇಗೆ ನಡೆಸುತ್ತೇವೆಂದು ಬರೆದು ಈ ಸಂಜೆ ಐದರೊಳಗೆ ಆಸ್ಪತ್ರೆಯ ದೊಡ್ಡ ಸಾಹೇಬರಿಗೆ ಇಮೇಲ್ ಮಾಡಬೇಕಿತ್ತು. ರಾಯರ ಮೂವತ್ತು ಪುಟದ ಯೋಜನೆ ಆ ಫೋಲ್ಡರಿನಲ್ಲೇ ಇತ್ತು.

"ಇದು ನಗುಮುಖನದೇ ಕೆಲಸ" ಎಂದು ರಾಯರು ಹಲ್ಲು ಕಚ್ಚಿದರು.

ನಗುಮುಖ ಕೆಳಗಿನ ಮನೆಯವನು, ಅದೇ ಉಗ್ರಾಣದಲ್ಲಿ ಕೆಲಸ. ಸದಾ ನಗುತ್ತಿರುತ್ತಾನೆ ಎಂಬುದೊಂದೇ ಅವನ ಮೇಲಿನ ಆರೋಪ. ರಾಯರಿಗೆ ಅಷ್ಟು ಸಾಕಾಗಿತ್ತು.

"ಹನ್ನೆರಡು ವರ್ಷದ ಕಂಪ್ಯೂಟರ್ ಕಣ್ರೀ. ಅದಕ್ಕೂ ಅರಳುಮರಳು ಬಂದಿರುತ್ತೆ" ಎಂದರು ಹೆಂಡತಿ.

"ನಿನ್ನೆವರೆಗೂ ಸರಿ ಇತ್ತಲ್ಲ? ನಿನ್ನೆ ಏನಾಯ್ತು ಹೇಳು ನೋಡೋಣ."

"ನಿನ್ನೆ ನಮ್ಮಮ್ಮ ಬಂದ್ರು."

ರಾಯರು ನಿಧಾನವಾಗಿ ತಲೆಯೆತ್ತಿದರು. ಮೇಜಿನ ಆಚೆ ಬದಿಯಲ್ಲಿ, ಕಿಟಕಿಯ ಪಕ್ಕ, ಅತ್ತೆ ರೇಡಿಯೋ ಹಾಡು ಕೇಳುತ್ತ ಸ್ವೆಟರ್ ಹೆಣೆಯುತ್ತಿದ್ದರು. ಎರಡೂ ಕೈ ಕಡ್ಡಿಗಳ ಮೇಲೆ, ಎರಡೂ ಕಣ್ಣು ಕೈಗಳ ಮೇಲೆ. ಇಷ್ಟು ನಿರಪರಾಧಿಯಾಗಿ ಕಾಣುವವರನ್ನು ರಾಯರು ಉಗ್ರಾಣದಲ್ಲಿ ತಪಾಸಣೆ ಮಾಡದೆ ಹೊರಗೆ ಬಿಟ್ಟವರೇ ಅಲ್ಲ.

"ಏನು ಅಳಿಯಂದಿರೇ, ಹಾಗೆ ನೋಡ್ತೀರಾ? ಅಳತೆ ಬೇಕಾ? ಇದು ನಿಮಗೇ ಹೆಣೀತಿರೋದು."

ರಾಯರು ಹೊಸದಾಗಿ ತಂದಿದ್ದ ಕೀಬೋರ್ಡಿನ ಮೇಲೆ ಬೆರಳ ಗುರುತಿಗೆಂದು ಮುಖದ ಪೌಡರ್ ಉದುರಿಸಿದರು. ಆಮೇಲೆ ಇನ್ನೂ ದೊಡ್ಡ ಉಪಾಯ ಹೊಳೆಯಿತು. ನಿಜವಾದ ಯೋಜನೆಗೆ 'ಹಳೇ ಸಾಮಾನು ಪಟ್ಟಿ' ಎಂದು ಹೆಸರು ಬದಲಿಸಿದರು. ಹೊಸದೊಂದು ಫೈಲು ಮಾಡಿ ಅದಕ್ಕೆ 'ಯೋಜನೆ ಅಸಲಿ' ಎಂದು ಹೆಸರಿಟ್ಟರು. ಕಳ್ಳ ಬಂದರೆ ಇದನ್ನೇ ತೆರೆಯಬೇಕು. ಒಳಗೆ ಅವನಿಗೆಂದೇ ನಾಲ್ಕು ಸಾಲು ಬರೆದು, ಅಳಿಸಿಹೋದ ಪೌಡರನ್ನು ಮತ್ತೆ ಉದುರಿಸಿದಾಗ ಬೆಳಗಿನಿಂದ ಮೊದಲ ಸಲ ಅವರ ಹೊಟ್ಟೆ ತಣ್ಣಗಾಯಿತು.

ಊಟವಾದ ಮೇಲೆ ಅತ್ತೆ ಮಲಗಿದರು. ಕಂಪ್ಯೂಟರೂ ಸಾಧುವಾಯಿತು. ಪೌಡರಿನ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. 'ಕಳ್ಳ ಪಳಗಿದವನೇ' ಎಂದುಕೊಂಡು ರಾಯರು ಯೋಜನೆಯನ್ನು ಇನ್ನೊಮ್ಮೆ ಮೊದಲಿಂದ ಓದಿ, ಅಲ್ಪವಿರಾಮಗಳನ್ನೆಲ್ಲ ಎಣಿಸಿ ಕಾಲ ಕಳೆದರು.

ನಾಲ್ಕೂವರೆಗೆ ಅತ್ತೆ ಎದ್ದು ಬಂದು ರೇಡಿಯೋ ಹಾಕಿದರು. ನೀಲಿ ಗೆರೆ ಕುಣಿಯಿತು. ಒಂದು ಫೋಲ್ಡರಿನ ಹೆಸರು 'ಜಜಜಜಜ' ಎಂದಾಯಿತು. ನೋಡನೋಡುತ್ತಿದ್ದಂತೆ ಫೈಲುಗಳೆಲ್ಲ ಒಟ್ಟಿಗೆ ನೀಲಿಯಾಗಿ, ಮಾಯವಾದವು.

"ಹೋಯ್ತು! ನನ್ನ ಇಪ್ಪತ್ತೆರಡು ವರ್ಷ ಹೋಯ್ತು!" ಎಂದು ರಾಯರು ಕಿರುಚಿದ ಕಿರುಚಿಗೆ ಹೆಂಡತಿ ಕೆಳಗೆ ಓಡಿಹೋಗಿ, ಯಾರು ಬರಬಾರದೋ ಅವನನ್ನೇ ಕರೆತಂದರು.

ನಗುಮುಖ ನಗುತ್ತಲೇ ಬಂದ. ಎರಡು ನಿಮಿಷ ಪರದೆ ನೋಡಿದ. ರೇಡಿಯೋ ಕಡೆ ಕಿವಿಯಿಟ್ಟ. "ಸಾರ್, ಇದು ತಾಳಕ್ಕೆ ಸರಿಯಾಗಿ ಕುಣೀತಿದೆ" ಎಂದು ಮೇಜಿನ ಕೆಳಗೆ ಬಗ್ಗಿದ. ಅಲ್ಲಿ, ಕೆಳಗಿನ ಹಲಗೆಯ ಮೇಲೆ, ಟವೆಲಿನಲ್ಲಿ ಸುತ್ತಿದ್ದ ಏನನ್ನೋ ಕಾಲುಮಣೆ ಮಾಡಿಕೊಂಡು ಅತ್ತೆ ಕಾಲಲ್ಲೇ ಹಾಡಿಗೆ ತಾಳ ಹಾಕುತ್ತಿದ್ದರು. ಟವೆಲ್ ಬಿಚ್ಚಿದರೆ ಹಳೆಯ ಕೀಬೋರ್ಡು. ಅದರ ವೈರು ಇನ್ನೂ ಕಂಪ್ಯೂಟರಿಗೇ ಸಿಕ್ಕಿಕೊಂಡಿತ್ತು.

"ಇದನ್ನ ಇಲ್ಲಿಟ್ಟೋರು ಯಾರು ಸಾರ್?"

ಇಟ್ಟವರು ರಾಯರೇ. ಬೇಡದ ವಸ್ತುವನ್ನೂ ಸುತ್ತಿ ಎತ್ತಿಡುವುದು ಉಗ್ರಾಣದ ಅಭ್ಯಾಸ. ಮುಂದೆಂದಾದರೂ ಬೇಕಾದೀತು ಎಂದು ವೈರನ್ನೂ ಕೀಳದೆ ಬಿಟ್ಟಿದ್ದರು.

ನಗುಮುಖ ವೈರು ಕಿತ್ತು, ಕಂಪ್ಯೂಟರಿನ ಕಸದ ಬುಟ್ಟಿಯಿಂದ ಫೈಲುಗಳನ್ನೆಲ್ಲ ಮರಳಿ ತಂದ. ಗಂಟೆ ಐದಾಗಲು ಐದು ನಿಮಿಷ ಇತ್ತು.

"ನಾನು ಅರ್ಜಿ ಹಾಕಿಲ್ಲ ಸಾರ್. ನಿಮಗೇ ಸಿಗಲಿ" ಎಂದ.

'ಹೀಗೆ ಹೇಳುವವರೇ ಮೊದಲು ಹಾಕಿರುತ್ತಾರೆ' ಎಂದುಕೊಂಡರು ರಾಯರು. "ಎಲ್ಲರೂ ಗೋಡೆ ಕಡೆ ತಿರುಗಿ!"

ಹೆಂಡತಿ, ಅತ್ತೆ, ನಗುಮುಖ ಮೂವರೂ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು.

"ಒಂದ್ಸಲ ತೆಗೆದು ನೋಡಿ ಕಳಿಸ್ರೀ" ಎಂದರು ಹೆಂಡತಿ ಗೋಡೆಗೇ.

"ತೆಗೆದ್ರೆ ಕಿಟಕಿ ಗಾಜಲ್ಲಿ ಕಾಣ್ಸುತ್ತೆ. ನನಗೆ ಅಷ್ಟೂ ಗೊತ್ತಾಗಲ್ವಾ?"

ರಾಯರು 'ಯೋಜನೆ ಅಸಲಿ'ಯನ್ನು ಹುಡುಕಿ, ಲಗತ್ತಿಸಿ, ಐದಾಗಲು ಒಂದು ನಿಮಿಷವಿರುವಾಗ ಕಳಿಸಿಯೇಬಿಟ್ಟರು. ಬೆಳಗಿನಿಂದ ಹಿಡಿದಿದ್ದ ಉಸಿರು ಹೊರಬಂತು. ಅತ್ತೆಗೆ ಕ್ಷಮೆ ಕೇಳಬೇಕೆಂದು ಕೂಡ ಅನ್ನಿಸಿತು.

ಐದೂ ಹತ್ತಕ್ಕೆ ಫೋನ್ ಬಂತು.

"ಅರ್ಜಿ ಬಂದಿರೋದು ನಿಮ್ಮದೊಂದೇ" ಎಂದರು ದೊಡ್ಡ ಸಾಹೇಬರು. ರಾಯರು ಎದ್ದು ನಿಂತರು. "ಹುದ್ದೆ ನಿಮಗೇ ಅಂತ ಖುಷಿಯಿಂದ ಫೈಲು ತೆಗೆದೆ. ಓದ್ತೀನಿ, ಕೇಳಿ. 'ಎಲೈ ಕಳ್ಳ, ಸಿಕ್ಕಿಬಿದ್ದೆ. ಇನ್ನೊಬ್ಬರ ಫೈಲು ತೆರೆಯಲು ನಾಚಿಕೆಯಾಗುವುದಿಲ್ಲವೇ? ಹಲ್ಲು ಕಿರಿಯಬೇಡ. ನಿನ್ನ ಯೋಗ್ಯತೆ ಏನೆಂದು ನನಗೆ ಮೊದಲಿಂದಲೂ ಗೊತ್ತು.'"

ರಾಯರು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತರು.

"ನಾಳೆ ಒಂಬತ್ತಕ್ಕೆ ನನ್ನ ಕೋಣೆಗೆ ಬನ್ನಿ. ನಿಮ್ಮ ಯೋಗ್ಯತೆ ಏನು ಅಂತ ನನಗೂ ಗೊತ್ತಾಗ್ಲಿ."

ಫೋನ್ ಕೆಳಗಿಟ್ಟಾಗ ಮೂವರೂ ಇನ್ನೂ ಗೋಡೆಯ ಕಡೆಗೇ ನಿಂತಿದ್ದರು.

"ಸಾರ್, ಈಗ ತಿರುಗಬಹುದಾ?" ಎಂದು ನಗುಮುಖ ಕೇಳಿದ.